ಕಜಾನಿನಿಂದ ಚೂರಲ್‌ಮಲೆಗೆ

2024ರ ಜುಲೈ 30, ಮಂಗಳವಾರ. ಬೆಳಗ್ಗೆ ಏಳೂವರೆಗೆ ಕೊಯಮತ್ತೂರಿನ ಪಕ್ಕದ ಸೂಲೂರು ವಾಯುನೆಲೆಯಿಂದ ಎರಡು ಹೆಲಿಕಾಪ್ಟರ್‌ಗಳು ವಯನಾಡಿಗೆ ಹೊರಟವು. ಒಂದು ರಷ್ಯಾದಿಂದ ಬಂದ ಎಂಐ-17, ಇನ್ನೊಂದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಹುಟ್ಟಿದ ಧ್ರುವ. ಅಷ್ಟು ಹೊತ್ತಿಗಾಗಲೇ ಮೇಪ್ಪಾಡಿ ಪಂಚಾಯಿತಿಯ ಪುಂಚಿರಿಮಟ್ಟಂ, ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಗುಡ್ಡ ಕುಸಿದು ಇಳಿದಿತ್ತು. ಮೊದಲ ಕುಸಿತ ನಡುರಾತ್ರಿ ದಾಟಿದ ಮೇಲೆ, ಇನ್ನೊಂದು ನಾಲ್ಕು ಗಂಟೆಯ ಸುಮಾರಿಗೆ. ಕಲ್ಲಾಡಿಯ ಮಳೆಮಾಪಕದಲ್ಲಿ 48 ಗಂಟೆಗಳಲ್ಲಿ 572 ಮಿಲಿಮೀಟರ್ ಮಳೆ ದಾಖಲಾಗಿತ್ತು. ಚೂರಲ್‌ಮಲೆಯಿಂದ ಮುಂಡಕ್ಕೈಗೆ ಹೋಗುವ ಒಂದೇ ಒಂದು ಸೇತುವೆ ಕೊಚ್ಚಿಹೋಗಿ, ಹೊಳೆಯಾಚೆ ಬದುಕಿ ಉಳಿದವರಿಗೆ ಈಚೆಗೆ ಬರುವ ದಾರಿ ಇರಲಿಲ್ಲ. ಎಲ್ಲರ ಕಣ್ಣೂ ಆಕಾಶದ ಕಡೆಗೇ ಇತ್ತು.

ಸೂಲೂರಿನಿಂದ ಚೂರಲ್‌ಮಲೆಗೆ ಹಕ್ಕಿ ಹಾರುವ ದಾರಿಯಲ್ಲಿ ನೂರಿಪ್ಪತ್ತು ಕಿಲೋಮೀಟರ್ ಆಸುಪಾಸು. ಒಳ್ಳೆಯ ದಿನದಲ್ಲಿ ಮುಕ್ಕಾಲು ಗಂಟೆಯೂ ಬೇಕಿಲ್ಲ. ಆದರೆ ನಡುವೆ ನೀಲಗಿರಿ ಇದೆ, ಆಮೇಲೆ ಚೆಂಬ್ರ ಶಿಖರದ ಸಾಲು. ಆಷಾಢದ ಮೋಡ ಅಲ್ಲಿ ಬೆಟ್ಟದ ನೆತ್ತಿಯ ಮೇಲೆ ನಿಲ್ಲುವುದಿಲ್ಲ, ಕಣಿವೆಗೇ ಇಳಿದು ಕೂರುತ್ತದೆ. ಬೆಳಗಿನ ಆ ಪ್ರಯತ್ನ ಫಲಿಸಲಿಲ್ಲ. ಇಳಿಯಲಾಗದೆ ಹೆಲಿಕಾಪ್ಟರ್‌ಗಳು ಕಲ್ಲಿಕೋಟೆಯ ಕಡೆಗೆ ತಿರುಗಿದವು.

ಆ ದಿನ ಟಿವಿ ನೋಡುತ್ತಿದ್ದ ಬಹಳ ಜನರಿಗೆ ಇದು ಸಂಕಟ ತಂದಿತು. ನಮ್ಮಂಥ ಕನ್ನಡಿಗರಿಗೆ ಇನ್ನೂ ಹೆಚ್ಚು. ಎರಡೇ ವಾರದ ಹಿಂದೆ, ಜುಲೈ 16ರಂದು ಉತ್ತರ ಕನ್ನಡದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದಿತ್ತು. ಕಲ್ಲಿಕೋಟೆ ಕಡೆಯ ಲಾರಿ ಚಾಲಕನೊಬ್ಬನಿಗಾಗಿ ಗಂಗಾವಳಿ ನದಿಯಲ್ಲಿ ಹುಡುಕಾಟ ಆಗಿನ್ನೂ ಮುಗಿದಿರಲಿಲ್ಲ. ವಯನಾಡಿಗೆ ಹೆಲಿಕಾಪ್ಟರ್ ಯಾಕೆ ಬರಲಿಲ್ಲ ಎಂಬ ಪ್ರಶ್ನೆ ಸಹಜವೇ. ಅದಕ್ಕೆ ಉತ್ತರ ಹುಡುಕಬೇಕಾದರೆ ಅದೇ ಸೂಲೂರಿನ ಸುಮಾರು ಮೂರು ವರ್ಷ ಹಿಂದಿನ ಇನ್ನೊಂದು ಬೆಳಗ್ಗೆಗೆ ಹೋಗಬೇಕು.

2021ರ ಡಿಸೆಂಬರ್ 8. ಸೂಲೂರಿನಿಂದ ವೆಲ್ಲಿಂಗ್ಟನ್ನಿನ ಸೇನಾ ಕಾಲೇಜಿಗೆ ಹೊರಟ ಎಂಐ-17ವಿ5ರಲ್ಲಿ ಮೂರೂ ಪಡೆಗಳ ಮುಖ್ಯಸ್ಥ ಜನರಲ್ ಬಿಪಿನ್ ರಾವತ್, ಅವರ ಪತ್ನಿ ಸೇರಿ 14 ಜನ ಇದ್ದರು. ಕೂನೂರಿನ ಹತ್ತಿರ ಅದು ಬೆಟ್ಟಕ್ಕೆ ಬಡಿಯಿತು. 13 ಜನ ಅಂದೇ ತೀರಿಕೊಂಡರು. ಬದುಕಿ ಉಳಿದಿದ್ದ ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್ ವಾರದ ಮೇಲೆ ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಯಂತ್ರ ಕೆಟ್ಟಿರಲಿಲ್ಲ, ಯಾರೂ ಬೇಕೆಂದೇ ಕೆಡಿಸಿರಲೂ ಇಲ್ಲ ಎಂದು ವಾಯುಪಡೆಯ ವಿಚಾರಣೆ ಹೇಳಿತು. ಕಣಿವೆಯಲ್ಲಿ ಹವೆ ದಿಢೀರನೆ ಬದಲಾಗಿ ಹೆಲಿಕಾಪ್ಟರ್ ಮೋಡದೊಳಗೆ ಹೊಕ್ಕಿತು, ಪೈಲಟ್‌ಗೆ ದಿಕ್ಕಿನ ಅರಿವು ತಪ್ಪಿತು, ಪೂರ್ತಿ ಹಿಡಿತದಲ್ಲಿದ್ದ ಯಂತ್ರವೇ ನೆಲಕ್ಕೆ ಹೋಗಿ ಹೊಡೆಯಿತು ಎಂಬುದು ಅದರ ಸಾರ.

ಅದೇ ನೆಲೆ, ಅದೇ ಜಾತಿಯ ಯಂತ್ರ, ಹೆಚ್ಚುಕಡಿಮೆ ಅದೇ ಬೆಟ್ಟಸಾಲು. ಕೂನೂರಿನದು ಡಿಸೆಂಬರಿನ ಮೋಡ, ವಯನಾಡಿನದು ಜುಲೈ ಕೊನೆಯದು. ಹಾಗಾಗಿ ಜುಲೈ 30ರ ಬೆಳಗ್ಗೆ ಹಿಂತಿರುಗುವ ತೀರ್ಮಾನ ಮಾಡಿದ ಪೈಲಟ್‌ಗಳ ಬಗ್ಗೆ ನನಗೆ ಗೌರವವೇ ಇದೆ. ಕೆಳಗೆ ಜನ ಕಾಯುತ್ತಿದ್ದಾರೆ ಎಂದು ಗೊತ್ತಿದ್ದೂ ತಿರುಗುವುದು ಸುಲಭದ ಕೆಲಸವಲ್ಲ. ಅಲ್ಲಿ ಇನ್ನೊಂದು ಹೆಲಿಕಾಪ್ಟರ್ ಬಿದ್ದಿದ್ದರೆ ಕೆಸರಿನಲ್ಲಿ ಹುಡುಕುತ್ತಿದ್ದ ಕೈಗಳೇ ಅದರ ಅವಶೇಷವನ್ನೂ ಹುಡುಕಬೇಕಾಗುತ್ತಿತ್ತು.

ಈ ಎಂಐ-17 ಬಂದ ದಾರಿ ಉದ್ದ. ವೋಲ್ಗಾ ನದಿಯ ದಂಡೆಯ ಕಜಾನ್ ಎಂಬ ಊರಿನ ಕಾರ್ಖಾನೆಯಲ್ಲಿ ಈ ಕುಲದ ಹೆಲಿಕಾಪ್ಟರ್‌ಗಳು ತಯಾರಾಗುತ್ತವೆ. ಭಾರತೀಯ ವಾಯುಪಡೆಗೆ ಸೋವಿಯತ್ ಹೆಲಿಕಾಪ್ಟರ್ ಮೊದಲು ಬಂದದ್ದು 1960ರ ದಶಕದ ಆರಂಭದಲ್ಲಿ, ಎಂಐ-4 ರೂಪದಲ್ಲಿ. ಆಮೇಲೆ 1972ರಲ್ಲಿ ಎಂಐ-8. ವಾಯುಪಡೆ ಅದಕ್ಕೆ ಪ್ರತಾಪ್ ಎಂದು ಹೆಸರಿಟ್ಟಿತು. ಸಿಯಾಚಿನ್ ಕಾರ್ಯಾಚರಣೆ, ಶ್ರೀಲಂಕಾದ ಶಾಂತಿಪಾಲನೆ, ಲೆಕ್ಕವಿಲ್ಲದಷ್ಟು ನೆರೆ, ಚಂಡಮಾರುತ ಎಲ್ಲವನ್ನೂ ಕಂಡ ಆ ಯಂತ್ರ ನಿವೃತ್ತಿಯಾದದ್ದು ನಮ್ಮ ಯಲಹಂಕದಲ್ಲಿ, 2017ರ ಡಿಸೆಂಬರ್ 17ರಂದು. ಅದರ ತಮ್ಮನಾದ ಎಂಐ-17 ಎಂಬತ್ತರ ದಶಕದ ನಡುವೆ ಸೇರಿತು. ಹೊಸ ಮಾದರಿಯಾದ ಎಂಐ-17ವಿ5ಗೆ 2008ರ ಡಿಸೆಂಬರಿನಲ್ಲಿ 80ರ ಬೇಡಿಕೆ ಹೋಯಿತು. ಬೇಡಿಕೆ ಬೆಳೆದು 2016ರ ಹೊತ್ತಿಗೆ 151 ಬಂದವು. ಪೂರ್ತಿ ಹೇರಿದರೆ 13 ಟನ್ ತೂಗುವ, 36 ಸೈನಿಕರನ್ನೋ ನಾಲ್ಕು ಟನ್ ಸಾಮಾನನ್ನೋ ಹೊರುವ, ಹಿಂಬದಿಯಲ್ಲಿ ಇಳಿಜಾರು ಬಾಗಿಲಿರುವ ಗಟ್ಟಿ ಯಂತ್ರ ಇದು.

ಮೊದಲ ಎಂಐ-17 ಬಂದದ್ದಕ್ಕೂ ವಿ5 ಬಂದದ್ದಕ್ಕೂ ನಡುವೆ, ಇವನ್ನು ಮಾಡಿದ ದೇಶವೇ ಇಲ್ಲವಾಗಿತ್ತು.

1991ರ ಡಿಸೆಂಬರ್ 25ರಂದು ಅಧ್ಯಕ್ಷ ಗೊರ್ಬಚೆವ್ ರಾಜೀನಾಮೆ ಕೊಟ್ಟರು, ಮರುದಿನ ಸೋವಿಯತ್ ಒಕ್ಕೂಟ ಕಾಗದದ ಮೇಲೂ ಮುಗಿಯಿತು. 15 ದೇಶಗಳು ಹುಟ್ಟಿಕೊಂಡವು. ಮಾಸ್ಕೋದ ಯೋಜಕರು ವಿಮಾನದ ಕೆಲಸವನ್ನು ಒಕ್ಕೂಟದ ಉದ್ದಗಲಕ್ಕೂ ಹಂಚಿಟ್ಟಿದ್ದರು. ಅದರ ಪರಿಣಾಮ ಬೆಂಗಳೂರು, ಚಂಡೀಗಢ, ಕಾನ್ಪುರಗಳ ವರ್ಕ್‌ಶಾಪ್‌ಗಳವರೆಗೂ ಬಂದು ತಟ್ಟಿತು. ನಮ್ಮ ಇಲ್ಯೂಷಿನ್-76 ಸರಕು ವಿಮಾನ ತಯಾರಾದ ತಾಷ್ಕೆಂಟ್ ಈಗ ಉಜ್ಬೇಕಿಸ್ತಾನದಲ್ಲಿತ್ತು. ಪೈಲಟ್‌ಗಳಿಗೆ ಮಿಗ್-21 ಕಲಿಸುತ್ತಿದ್ದ ಎರಡು ಸೀಟಿನ ವಿಮಾನ ತಯಾರಾದ ಟಿಬಿಲಿಸಿ ಜಾರ್ಜಿಯಾದ ರಾಜಧಾನಿಯಾಯಿತು. ಎಎನ್-32 ತಯಾರಾದ ಕೀವ್ ಉಕ್ರೇನಿನದು. ಎಂಐ-17ರ ಟಿವಿ3-117 ಎಂಜಿನ್ ತಯಾರಾಗುತ್ತಿದ್ದ ಜಪೋರಿಜ್ಯಾವೂ ಉಕ್ರೇನಿನ ಪಾಲಾಯಿತು. ಹೆಲಿಕಾಪ್ಟರಿನ ಒಡಲು ಒಂದು ದೇಶದಲ್ಲಿ, ಎಂಜಿನ್ ಇನ್ನೊಂದರಲ್ಲಿ. ಮೊದಲು ಮಾಸ್ಕೋಗೆ ಒಂದು ಪತ್ರ ಬರೆದರೆ ಸಾಕಿತ್ತು. ಆಮೇಲೆ ಒಂದೊಂದು ಬಿಡಿಭಾಗಕ್ಕೂ ಒಂದೊಂದು ಸರ್ಕಾರದ ಬಾಗಿಲು ತಟ್ಟಬೇಕಾಯಿತು. ತೊಂಬತ್ತರ ದಶಕದ ಆರಂಭದಲ್ಲಿ ಬಿಡಿಭಾಗದ ಕೊರತೆ ನಮ್ಮ ವಾಯುಪಡೆಯನ್ನು ನಿಜವಾಗಿ ಹಿಂಡಿತು.

ಆದರೆ ಭಾರತ ಕೊಳ್ಳುವ ಶಕ್ತಿ ಇದ್ದ ದೊಡ್ಡ ದೇಶ, ಹೇಗೋ ದಾಟಿತು. ಹೊಸದಾಗಿ ಹುಟ್ಟಿದ ಚಿಕ್ಕ ದೇಶಗಳ ಪಾಡು ಬೇರೆ. ತಮ್ಮ ನೆಲದಲ್ಲಿ ನಿಂತಿದ್ದದ್ದೇ ಅವುಗಳ ವಾಯುಪಡೆ. ಮೊಲ್ಡೋವಾಕ್ಕೆ ಮೂವತ್ತಕ್ಕೂ ಹೆಚ್ಚು ಮಿಗ್-29ಗಳು ಪಾಲಿಗೆ ಬಂದವು. ಆ ಕಾಲದ ಅತ್ಯುತ್ತಮ ಕಾದಾಟದ ವಿಮಾನಗಳು ಅವು. ಹಾರಿಸಲು ಹಣವಿಲ್ಲ, ದುರಸ್ತಿಗೆ ಜನವಿಲ್ಲ. 1997ರಲ್ಲಿ ಅವುಗಳಲ್ಲಿ 21ನ್ನು ಅಮೆರಿಕ ಕೊಂಡುಕೊಂಡು ತನ್ನ ದೇಶಕ್ಕೆ ಸಾಗಿಸಿತು, ಇರಾನಿನ ಕೈಸೇರದಿರಲಿ ಎಂಬುದು ಅದಕ್ಕೊಂದು ಕಾರಣ. ಜಾರ್ಜಿಯಾಕ್ಕೆ ವಿಮಾನದ ಕಾರ್ಖಾನೆಯೇ ಸಿಕ್ಕಿತ್ತು. ಅಲ್ಲಿ ತಯಾರಾದ ಸುಖೋಯ್-25ಗಳನ್ನು 2008ರ ಆಗಸ್ಟಿನಲ್ಲಿ ರಷ್ಯಾದ ಎದುರೇ ಹಾರಿಸಬೇಕಾಯಿತು. ಯುದ್ಧ ಐದು ದಿನದಲ್ಲಿ ಮುಗಿಯಿತು. 2010ರಲ್ಲಿ ಜಾರ್ಜಿಯಾ ತನ್ನ ವಾಯುಪಡೆಯನ್ನು ಭೂಸೇನೆಯೊಳಕ್ಕೆ ಸೇರಿಸಿ, 2016ರಲ್ಲಿ ಮತ್ತೆ ಬೇರೆ ಮಾಡಿತು. ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ಮೂರಕ್ಕೂ ಕಾದಾಟದ ಪಡೆ ಕಟ್ಟುವುದು ನಿಲುಕದ ಮಾತಾಯಿತು. 2004ರಿಂದ ಅವುಗಳ ಆಕಾಶವನ್ನು ನ್ಯಾಟೋ ದೇಶಗಳು ಸರದಿಯಲ್ಲಿ ಕಾಯುತ್ತಿವೆ.

ಇವುಗಳಲ್ಲಿ ಬಹಳ ಕಡೆ ಕೊನೆಗೆ ಕೆಲಸಕ್ಕೆ ಬಂದು ನಿಂತದ್ದು ಎಂಐ-8, ಎಂಐ-17 ಹೆಲಿಕಾಪ್ಟರ್‌ಗಳು. ಮೊಲ್ಡೋವಾ, ಅರ್ಮೇನಿಯಾ, ಕಿರ್ಗಿಸ್ತಾನ, ತಾಜಿಕಿಸ್ತಾನ ಎಲ್ಲ ಕಡೆಯೂ ಅವಿವೆ. ಹಿಮಪಾತಕ್ಕೆ, ಭೂಕಂಪಕ್ಕೆ, ಗುಡ್ಡದ ಊರಿಗೆ ಔಷಧ ಒಯ್ಯುವುದಕ್ಕೆ ಬೇಕಾದ ಯಂತ್ರ ಅದು. ವಿಮಾನ ನಿಲ್ದಾಣವೇ ಇಲ್ಲದ, ಕೇರಳದ ಉಳಿದ ಕಡೆಗೆ ಘಾಟಿ ಇಳಿದೇ ಹೋಗಬೇಕಾದ ವಯನಾಡಿಗೂ ವಾಯುಪಡೆ ಎಂದರೆ ಮೊದಲಿಗೆ ಅದೇ.

ಎಎನ್-32ರ ಕಥೆಯನ್ನು ಇಲ್ಲಿ ಬಿಟ್ಟುಬಿಡುವಂತಿಲ್ಲ, ಯಾಕೆಂದರೆ ಅದೂ ವಯನಾಡಿನ ಕೆಲಸಕ್ಕೆ ಬಂತು. 1984ರಿಂದ ನಮ್ಮಲ್ಲಿ ಹಾರುತ್ತಿರುವ ಈ ಅವಳಿ ಎಂಜಿನ್ನಿನ ಸರಕು ವಿಮಾನವನ್ನು ಭಾರತದ ಬಿಸಿಲು ಮತ್ತು ಎತ್ತರದ ನೆಲೆಗಳನ್ನು ಮನಸ್ಸಿನಲ್ಲಿಟ್ಟೇ ಕೀವ್‌ನ ಆಂಟೊನೊವ್ ಸಂಸ್ಥೆ ರೂಪಿಸಿತ್ತು. 2009ರಲ್ಲಿ 105 ವಿಮಾನಗಳ ಆಯುಸ್ಸು ಹೆಚ್ಚಿಸಲು ಉಕ್ರೇನಿನ ಜೊತೆ ಸುಮಾರು 40 ಕೋಟಿ ಡಾಲರಿನ ಒಪ್ಪಂದವಾಯಿತು. 40ನ್ನು ಅಲ್ಲಿಗೇ ಕಳಿಸಿ, ಉಳಿದವನ್ನು ಕಾನ್ಪುರದ ವಾಯುಪಡೆ ಡಿಪೋದಲ್ಲಿ ಅವರ ಬಿಡಿಭಾಗ ಬಳಸಿ ಮಾಡುವ ಏರ್ಪಾಡು. 2014ರಲ್ಲಿ ಕ್ರಿಮಿಯಾ ಕೈತಪ್ಪಿ ಉಕ್ರೇನಿನ ಪೂರ್ವದಲ್ಲಿ ಕಾಳಗ ಶುರುವಾದಾಗ ಆ ಬಿಡಿಭಾಗಗಳ ದಾರಿ ಕಟ್ಟಿಹೋಯಿತು, ಕಾನ್ಪುರದ ಕೆಲಸ ಕುಂಟಿತು. ದೂರದ ಎರಡು ದೇಶಗಳ ಗಡಿಜಗಳ ನಮ್ಮ ಹ್ಯಾಂಗರಿನಲ್ಲಿ ವಿಮಾನ ನಿಲ್ಲಿಸಬಲ್ಲದು ಎಂಬುದು ಆಗ ಎಲ್ಲರಿಗೂ ಮನವರಿಕೆಯಾಯಿತು. ಸೂಲೂರಿನ 33ನೇ ಸ್ಕ್ವಾಡ್ರನ್ ಹಾರಿಸುವುದು ಇದೇ ವಿಮಾನ. 2016ರ ಜುಲೈ 22ರಂದು ತಾಂಬರಂನಿಂದ ಪೋರ್ಟ್ ಬ್ಲೇರಿಗೆ ಹೊರಟ ಆ ಸ್ಕ್ವಾಡ್ರನ್ನಿನ ಎಎನ್-32 ಬಂಗಾಳ ಕೊಲ್ಲಿಯ ಮೇಲೆ 29 ಜನರೊಂದಿಗೆ ಕಾಣೆಯಾಯಿತು. ಏಳೂವರೆ ವರ್ಷದ ಮೇಲೆ, 2024ರ ಜನವರಿಯಲ್ಲಿ, ಚೆನ್ನೈ ಕರಾವಳಿಯಿಂದ 310 ಕಿಲೋಮೀಟರ್ ದೂರದಲ್ಲಿ 3,400 ಮೀಟರ್ ಆಳದಲ್ಲಿ ಅದರ ಅವಶೇಷ ಸಿಕ್ಕಿತು. ಅದಾಗಿ ಆರು ತಿಂಗಳಿಗೆ ವಯನಾಡಿನ ಕರೆ ಬಂತು.

ಜುಲೈ 30ರ ಸಂಜೆ ಮೋಡ ಸ್ವಲ್ಪ ಸರಿಯಿತು. ಬೆಳಕು ಹೋಗುವ ಮುಂಚೆ ಒಂದು ಹೆಲಿಕಾಪ್ಟರ್ ಕಣಿವೆಯಲ್ಲಿ ಇಳಿದು ಗಾಯಗೊಂಡವರನ್ನು ಎತ್ತಿಕೊಂಡು ಹೋಯಿತು. ಮರುದಿನ ಸಂಜೆಯವರೆಗೂ ಇದೇ ರೀತಿ: ಮಳೆ ಬಿಟ್ಟ ಸಣ್ಣಸಣ್ಣ ಅವಕಾಶ ನೋಡಿ ಹಾರುವುದು, ಜನರನ್ನು ಆಸ್ಪತ್ರೆಗೋ ಸುರಕ್ಷಿತ ಜಾಗಕ್ಕೋ ತಲುಪಿಸುವುದು, ಆಹಾರ ಔಷಧ ಇಳಿಸುವುದು. ಇಪ್ಪತ್ತೊಂದು ಮೀಟರಿಗೂ ಹೆಚ್ಚು ಅಗಲದ ಎಂಐ-17ರ ರೆಕ್ಕೆ ತಿರುಗಲು ಬಯಲು ಬೇಕು. ಅಲ್ಲಿ ಬಯಲು ಎಂದರೆ ಬಂಡೆ, ಬುಡಮೇಲಾದ ಮರ ಮತ್ತು ಮೊಣಕಾಲುದ್ದದ ಕೆಸರು. ಹದಿಮೂರು ಮೀಟರ್ ಅಗಲದ ರೆಕ್ಕೆಯ, ತೂಕದಲ್ಲಿ ಅದರ ಅರ್ಧಕ್ಕೂ ಕಡಿಮೆಯ ಧ್ರುವ ಇಂಥ ಇಕ್ಕಟ್ಟಿಗೆ ಹೆಚ್ಚು ಹೊಂದುತ್ತದೆ. ಎರಡೂ ಜಾತಿಯವನ್ನು ಕಳಿಸಿದ್ದು ಸರಿಯಾದ ಲೆಕ್ಕಾಚಾರವಾಗಿತ್ತು.

ದೊಡ್ಡ ವಿಮಾನಗಳಿಗೆ ಬಾಗಿಲಾದದ್ದು ಕಣ್ಣೂರು. ಜುಲೈ 31ರಂದು ದೆಹಲಿಯಿಂದ ಅಲ್ಲಿಗೆ 110 ಅಡಿಯ ಬೈಲಿ ಸೇತುವೆಯ ಭಾಗಗಳೂ ಮೂರು ಶ್ವಾನದಳಗಳೂ ಹೊರಟವು. ಅಮೆರಿಕದಿಂದ ಕೊಂಡ ಸಿ-17 ವಿಮಾನ ಸೇತುವೆ, ಶ್ವಾನದಳ, ವೈದ್ಯಕೀಯ ಸಾಮಗ್ರಿ ಎಲ್ಲ ಸೇರಿ 53 ಟನ್ ಸಾಗಿಸಿತು. ಎಎನ್-32, ಸಿ-130ಗಳು ಜನರನ್ನೂ ಪರಿಹಾರ ಸಾಮಗ್ರಿಯನ್ನೂ ಹೊತ್ತವು. ಕೆಲ ದಿನಗಳ ಮೇಲೆ ಮಣ್ಣಿನಡಿ ಜೀವದ ಸುಳಿವು ಹುಡುಕಲು ಉತ್ತರ ಕಮಾಂಡ್‌ನಿಂದ ಒಂದು, ದೆಹಲಿಯಿಂದ ನಾಲ್ಕು ರಾಡಾರ್‌ಗಳೂ ವಾಯುಪಡೆಯ ವಿಮಾನದಲ್ಲೇ ಬಂದವು. ಮೋಡದ ಆಚೆಯಿಂದ ಇಸ್ರೋದ ರಿಸ್ಯಾಟ್ ಉಪಗ್ರಹ ರಾಡಾರ್ ಕಣ್ಣಿನಿಂದ ನೋಡಿತು. ಸಮುದ್ರಮಟ್ಟದಿಂದ 1,550 ಮೀಟರ್ ಎತ್ತರದಲ್ಲಿ 86,000 ಚದರ ಮೀಟರ್ ನೆಲ ಜಾರಿ, ಹೊಳೆಯ ಜಾಡಿನಲ್ಲಿ ಎಂಟು ಕಿಲೋಮೀಟರ್ ಹರಿದುಹೋದದ್ದು ಆ ಚಿತ್ರಗಳಲ್ಲಿ ತಿಳಿಯಿತು.

ಆದರೂ ಕಣ್ಣೂರಿನಲ್ಲಿ ಇಳಿದ ಸೇತುವೆಯನ್ನು ಚೂರಲ್‌ಮಲೆಗೆ ಹೆಲಿಕಾಪ್ಟರ್ ಒಯ್ಯಲಿಲ್ಲ, ಲಾರಿಗಳು ಒಯ್ದವು. ಇನ್ನಷ್ಟು ಭಾಗ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ನಿಂದ ರಸ್ತೆಯಲ್ಲೇ ಬಂತು. ಬೆಂಗಳೂರಿಗರು ಹಲಸೂರಿನ ಕೆರೆಯ ಪಕ್ಕದಲ್ಲಿ ದಿನಾ ನೋಡುವ ಎಂಇಜಿ ಅದೇ. ಮೇಜರ್ ಸೀತಾ ಶೆಲ್ಕೆ ಮತ್ತು ಅವರ ಜೊತೆಯ ಸ್ಯಾಪರ್‌ಗಳು ಜುಲೈ 31ರ ರಾತ್ರಿ ಶುರು ಮಾಡಿ, ಮಳೆಯಲ್ಲೇ ರಾತ್ರಿ ಹಗಲು ದುಡಿದು, ಆಗಸ್ಟ್ 1ರ ಸಂಜೆಗೆ 190 ಅಡಿ ಉದ್ದದ, 24 ಟನ್ ತಾಳುವ ಸೇತುವೆಯನ್ನು ಹೊಳೆಗೆ ಅಡ್ಡ ಹಾಕಿದರು. ಕರ್ನಾಟಕ ಮತ್ತು ಕೇರಳ ಉಪವಲಯದ ಮೇಜರ್ ಜನರಲ್ ವಿ.ಟಿ. ಮ್ಯಾಥ್ಯೂ ಅಲ್ಲೇ ನಿಂತು ಕೆಲಸ ನೋಡಿಕೊಂಡರು. ಮುಂಡಕ್ಕೈಗೆ ಜೆಸಿಬಿಗಳು ದಾಟಿದ್ದು ಆಮೇಲೆ. ನನ್ನ ಮಟ್ಟಿಗೆ ಇಡೀ ಕಾರ್ಯಾಚರಣೆಯ ತಿರುವು ಅದೇ. ಆಕಾಶದಿಂದ ಇಳಿದದ್ದು ಕೈಗಳಿಗೆ ತಲುಪಿದ ಜಾಗ ಅದು.

ಸೇತುವೆ ಆಗುವ ಮುಂಚೆ ಹೊಳೆಗೆ ಅಡ್ಡ ಕಟ್ಟಿದ ಹಗ್ಗಕ್ಕೆ ಜೋತುಕೊಂಡು ಆಚೆ ದಾಟಿ ಗಾಯಾಳುಗಳಿಗೆ ಮದ್ದು ಕಟ್ಟಿದ ದಾದಿಯೊಬ್ಬರಿದ್ದರು, ಗೂಡಲೂರಿನವರು. ಅಟ್ಟಮಲೆಯ ಕಾಡಿನ ಗವಿಯೊಂದರಲ್ಲಿ ಪಣಿಯ ಸಮುದಾಯದ ಕುಟುಂಬವೊಂದು ಚಿಕ್ಕಚಿಕ್ಕ ಮಕ್ಕಳೊಂದಿಗೆ ಸಿಕ್ಕಿಕೊಂಡಿತ್ತು. ಯಾವ ಹೆಲಿಕಾಪ್ಟರಿನ ಕಣ್ಣಿಗೂ ಬೀಳದ ಜಾಗ. ಕೇರಳ ಅರಣ್ಯ ಇಲಾಖೆಯ ನಾಲ್ವರು ಹಗ್ಗ ಕಟ್ಟಿ ಬಂಡೆ ಇಳಿದು, ಮಕ್ಕಳನ್ನು ಎದೆಗೆ ಕಟ್ಟಿಕೊಂಡು ಮೇಲೆ ತಂದರು. ವಯನಾಡಿನ ಆಕಾಶದ ಕಥೆ ಬರೆಯುವಾಗ ಇವರನ್ನು ಬಿಟ್ಟರೆ ಸುಳ್ಳು ಬರೆದಂತೆ.

ಸತ್ತವರಲ್ಲಿ ನಮ್ಮವರೂ ಇದ್ದರು. ಗುಂಡ್ಲುಪೇಟೆ ದಾಟಿದರೆ ಮುತ್ತಂಗ, ಸುಲ್ತಾನ್ ಬತ್ತೇರಿ, ಎಚ್.ಡಿ. ಕೋಟೆ ದಾಟಿದರೆ ಬಾವಲಿ, ಮಾನಂದವಾಡಿ. ಚಹಾ, ಕಾಫಿ ತೋಟದ ಕೂಲಿಗೆ ಹೋಗಿ ಲೈನ್‌ಮನೆಗಳಲ್ಲಿ ನೆಲೆಸಿದ ಚಾಮರಾಜನಗರ, ಮಂಡ್ಯ ಜಿಲ್ಲೆಗಳ ಮೂಲದವರು ಆ ರಾತ್ರಿ ಚೂರಲ್‌ಮಲೆ ಮುಂಡಕ್ಕೈಗಳಲ್ಲಿದ್ದರು. ಕರ್ನಾಟಕ ಸರ್ಕಾರ ಸಚಿವ ಸಂತೋಷ್ ಲಾಡ್ ಅವರನ್ನು ಕಳಿಸಿತು, ಮುಖ್ಯಮಂತ್ರಿ ಸಿದ್ದರಾಮಯ್ಯ 100 ಮನೆ ಕಟ್ಟಿಸಿಕೊಡುವುದಾಗಿ ಹೇಳಿದರು. ಕಾಣೆಯಾಗಿ ಆಮೇಲೆ ಸತ್ತವರೆಂದು ಘೋಷಿತರಾದವರನ್ನೂ ಸೇರಿಸಿದರೆ ಸಾವಿನ ಲೆಕ್ಕ ಮುನ್ನೂರರ ಹತ್ತಿರ. ಎಷ್ಟೋ ದೇಹಗಳು ಸೂಚಿಪ್ಪಾರ ಜಲಪಾತ ಇಳಿದು ಚಾಲಿಯಾರ್ ಹೊಳೆಯಲ್ಲಿ ತೇಲಿ ನಿಲಂಬೂರಿನ ಕಡೆ ಸಿಕ್ಕವು. ಗುರುತು ಸಿಗದವರನ್ನು ಪುತ್ತುಮಲೆಯಲ್ಲಿ ಡಿಎನ್‌ಎ ಸಂಖ್ಯೆ ಬರೆದ ಕಲ್ಲಿನಡಿ ಮಣ್ಣು ಮಾಡಿದರು. ಆ ಪುತ್ತುಮಲೆಯಲ್ಲೇ 2019ರ ಆಗಸ್ಟ್ 8ರಂದು ಗುಡ್ಡ ಕುಸಿದು 17 ಜನ ಸತ್ತಿದ್ದರು. ಅದಕ್ಕೂ ಮುಂಚೆ 1984ರಲ್ಲಿ ಮುಂಡಕ್ಕೈಯಲ್ಲೇ 14 ಜನ.

2024ರ ಅಕ್ಟೋಬರ್ 22ರಂದು ವಾಯುಪಡೆಯ ಕಡೆಯಿಂದ ಕೇರಳಕ್ಕೆ ಒಂದು ಪತ್ರ ಹೋಯಿತು. 2006ರಿಂದ ಈಚೆಗೆ ಬೇರೆ ಬೇರೆ ವಿಪತ್ತುಗಳಲ್ಲಿ ಹಾರಿದ್ದಕ್ಕೆ 132.62 ಕೋಟಿ ರೂಪಾಯಿ ಕೊಡಬೇಕು ಎಂದಿತ್ತು. ವಯನಾಡಿನ ಮೊದಲ ದಿನದ್ದೇ 8.91 ಕೋಟಿ. ನಾಗರಿಕ ಆಡಳಿತಕ್ಕೆ ಸೇನೆ ಒದಗಿದರೆ ಖರ್ಚನ್ನು ರಾಜ್ಯ ತುಂಬಬೇಕೆಂಬುದು ಹಳೆಯ ನಿಯಮ, ಎಲ್ಲ ರಾಜ್ಯಗಳಿಗೂ ಅನ್ವಯಿಸುವಂಥದ್ದು. ನಿಯಮ ಸರಿಯಿರಬಹುದು, ಗಳಿಗೆ ಸರಿಯಿರಲಿಲ್ಲ ಎಂದೇ ನನ್ನ ಅನಿಸಿಕೆ. ಬದುಕುಳಿದವರು ಬಾಡಿಗೆ ಮನೆಗಳಲ್ಲಿದ್ದರು, ಊರು ಮತ್ತೆ ಕಟ್ಟುವ ಹಣ ಇನ್ನೂ ಮಾತಿನಲ್ಲೇ ಇತ್ತು. ಹಳೆಯ ಬಾಕಿಯಲ್ಲಿ ಸುಮಾರು 120 ಕೋಟಿಯನ್ನು ಸದ್ಯಕ್ಕೆ ಬದಿಗಿಟ್ಟು ಆ ಹಣವನ್ನು ವಯನಾಡಿಗೆ ಬಳಸಲು ಬಿಡಬಹುದೇ ಎಂದು ಕೇರಳ ಹೈಕೋರ್ಟ್ ಕೇಂದ್ರವನ್ನು ಕೇಳಿತು. ಹಾರಿದ ಪೈಲಟ್‌ಗಳಿಗೂ ಎತ್ತಲ್ಪಟ್ಟ ಜನರಿಗೂ ಈ ಲೆಕ್ಕಪತ್ರದಲ್ಲಿ ಪಾತ್ರವಿಲ್ಲ. ಆದರೆ ಮುಂದಿನ ಸಲ ಹೆಲಿಕಾಪ್ಟರ್ ಕರೆಯಬೇಕಾದಾಗ ಯಾವ ಜಿಲ್ಲಾಧಿಕಾರಿಯ ಮನಸ್ಸಿನಲ್ಲೂ ಬಿಲ್ಲಿನ ಅಳುಕು ಸುಳಿಯಬಾರದು.

ಬಿಲ್ಲಿನ ಮಾತು ಬಿಟ್ಟರೆ ಯಂತ್ರಗಳ ಚಿಂತೆಯೂ ಇದೆ. 2025ರ ಜನವರಿ 5ರಂದು ಪೋರಬಂದರಿನಲ್ಲಿ ಕರಾವಳಿ ಕಾವಲು ಪಡೆಯ ಧ್ರುವ ಬಿದ್ದು ಮೂವರು ಸತ್ತರು, ದೇಶದ ಎಲ್ಲ ಧ್ರುವಗಳನ್ನೂ ತಿಂಗಳುಗಟ್ಟಲೆ ನೆಲದಲ್ಲೇ ನಿಲ್ಲಿಸಿದರು. ಸ್ವದೇಶಿ ಎಂದ ಮಾತ್ರಕ್ಕೆ ಚಿಂತೆ ಮುಗಿಯುವುದಿಲ್ಲ. ಆದರೆ ದೋಷ ಹುಡುಕಿ ತಿದ್ದುವ ಕೀಲಿ ಆಗ ಬೆಂಗಳೂರಿನಲ್ಲೇ ಇತ್ತು, ಒಂದು ಭಾಗಕ್ಕಾಗಿ ಮೂರು ದೇಶ ಅಲೆಯಬೇಕಿರಲಿಲ್ಲ. ಆ ವ್ಯತ್ಯಾಸ ದೊಡ್ಡದು. ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಗಿದೆ. ಮೊದಲಿಗೆ ಅಲ್ಲಿ ಮೂರು ಟನ್ನಿನ ಹಗುರ ಹೆಲಿಕಾಪ್ಟರ್ ತಯಾರಿ. ಎಂಐ-17ರ ಜಾಗ ತುಂಬಲೆಂದೇ 13 ಟನ್ನಿನ ಬಹೂಪಯೋಗಿ ಹೆಲಿಕಾಪ್ಟರೊಂದನ್ನು ಎಚ್‌ಎಎಲ್ ರೂಪಿಸುತ್ತಿದೆ. ಫ್ರಾನ್ಸಿನ ಸಾಫ್ರಾನ್ ಜೊತೆ ಮಾಡಲಿರುವ ಅದರ ಎಂಜಿನ್ನಿಗೆ ಅರಾವಳಿ ಎಂದು ಹೆಸರಿಟ್ಟಿದ್ದಾರೆ. ಅದು ಪಡೆಗೆ ಸೇರುವವರೆಗೆ ಪ್ರತಿ ಮಳೆಗಾಲದಲ್ಲೂ ವಯನಾಡು, ಕೊಡಗು, ನೀಲಗಿರಿಗಳ ಕರೆಗೆ ಹೊರಡಬೇಕಾದದ್ದು ಕಜಾನಿನಲ್ಲಿ ಹುಟ್ಟಿದ ಎಂಐ-17ಗಳೇ. ಅವುಗಳ ಓವರ್‌ಹಾಲ್ ಈಗ ಚಂಡೀಗಢದ ಡಿಪೋದಲ್ಲಿ, ನಮ್ಮ ತಂತ್ರಜ್ಞರ ಕೈಯಲ್ಲೇ ನಡೆಯುತ್ತಿದೆ.